ಬೆಂಗ್ರೆಯ ಮರಳು, ಫುಟ್ಬಾಲಿನ ಊರು

ಮಂಗಳೂರಿನ ಬಂದರು ದಕ್ಕೆಯಲ್ಲಿ ನಿಂತರೆ ನದಿಯಾಚೆ ಕಾಣುವ ನೆಲವೇ ಬೆಂಗ್ರೆ. ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಫಲ್ಗುಣಿ, ದಕ್ಷಿಣದ ತುದಿಯಲ್ಲಿ ಫಲ್ಗುಣಿ ಮತ್ತು ನೇತ್ರಾವತಿ ಕಡಲು ಸೇರುವ ಅಳಿವೆ ಬಾಗಿಲು. ದೋಣಿಯಲ್ಲಿ ಕೆಲವೇ ನಿಮಿಷದ ದಾರಿ. ರಸ್ತೆ ಹಿಡಿದರೆ ಕೂಳೂರು, ತಣ್ಣೀರುಬಾವಿ ಸುತ್ತಿ ಬರಬೇಕು. ಕಸಬಾ ಬೆಂಗ್ರೆ, ತೋಟ ಬೆಂಗ್ರೆ ಎಂದು ಎರಡು ಭಾಗವಾಗಿರುವ ಇಲ್ಲಿ ಬ್ಯಾರಿಗಳೂ ಮೊಗವೀರರೂ ಕಡಲನ್ನೇ ನಂಬಿ ಬದುಕುತ್ತಾರೆ. ಅದರಲ್ಲೂ ಕಸಬಾ ಬೆಂಗ್ರೆಗೆ ಮೀನಿನಷ್ಟೇ ದೊಡ್ಡ ಹೆಸರು ತಂದುಕೊಟ್ಟಿರುವುದು ಫುಟ್ಬಾಲ್.

ಬೆಂಗ್ರೆಯ ಮಕ್ಕಳಿಗೆ ಮೊದಲ ಗುರು ಮರಳು. ಮರಳಿನಲ್ಲಿ ಚೆಂಡು ತಾನಾಗಿ ಉರುಳುವುದಿಲ್ಲ. ಪಾದದಿಂದ ಎತ್ತಿಯೇ ಜತೆಗಾರನಿಗೆ ದಾಟಿಸಬೇಕು. ಹೆಜ್ಜೆ ಹೂತುಹೋಗುವುದರಿಂದ ಓಟಕ್ಕೆ ದುಪ್ಪಟ್ಟು ಕಸುವು ಬೇಕು. ಹೀಗೆ ಪಳಗಿದ ಕಾಲು ಗಟ್ಟಿ ಮೈದಾನಕ್ಕೆ ಇಳಿದಾಗ ಹಗುರಾಗುತ್ತದೆ. ಜಿಲ್ಲೆಗೆ, ವಿಶ್ವವಿದ್ಯಾಲಯಕ್ಕೆ, ರಾಜ್ಯಕ್ಕೆ ಆಡಿದ ಹುಡುಗರು ಈ ಪುಟ್ಟ ಊರಿನಿಂದ ಬಂದಿದ್ದಾರೆ.

ಇಲ್ಲಿ ಮಳೆಗಾಲವೂ ಆಟಕ್ಕೆ ಒದಗಿಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಕ್ಕೆಯಲ್ಲಿ ಸಾಲುಗಟ್ಟಿ ನಿಲ್ಲುತ್ತವೆ, ಬಲೆಗಳಿಗೆ ರಿಪೇರಿ ನಡೆಯುತ್ತದೆ, ಆಟಕ್ಕೆ ಬಿಡುವು ಸಿಗುತ್ತದೆ. ಮಳೆಗೆ ಕ್ರಿಕೆಟ್ ನಿಂತರೂ ಫುಟ್ಬಾಲ್ ನಿಲ್ಲುವುದಿಲ್ಲ. ಆಗಸ್ಟ್ ಬಂತೆಂದರೆ ಮಂಗಳೂರಿನ ನೆಹರೂ ಮೈದಾನದಲ್ಲಿ ಜಿಲ್ಲಾ ಫುಟ್ಬಾಲ್ ಸಂಸ್ಥೆ ಶಾಲೆ, ಕಾಲೇಜು ತಂಡಗಳಿಗಾಗಿ ನಡೆಸುವ ಸ್ವಾತಂತ್ರ್ಯೋತ್ಸವ ಕಪ್. ಕೆಸರಿನಲ್ಲಿ ಜಾರುತ್ತ ಆಡುವ ಆ ಪಂದ್ಯಗಳೇ ಎಷ್ಟೋ ಮಕ್ಕಳಿಗೆ ಊರಾಚೆಯ ಮೊದಲ ಮೈದಾನ.

ಕಡಲಂಚಿನ ಊರು ಫುಟ್ಬಾಲನ್ನು ಎದೆಗೆ ಹಚ್ಚಿಕೊಂಡದ್ದು ಇಲ್ಲಿ ಮಾತ್ರವಲ್ಲ. ಸ್ಕಾಟ್ಲೆಂಡಿನ ಆರ್ಬ್ರೋತ್ ಕೂಡ ಮೀನುಗಾರರ ಪುಟ್ಟ ಪಟ್ಟಣ. ಅಲ್ಲಿನ ಕ್ಲಬ್ ಹುಟ್ಟಿದ್ದು 1878ರಲ್ಲಿ. ಅದರ ಗೇಫೀಲ್ಡ್ ಮೈದಾನ ಉತ್ತರ ಸಮುದ್ರಕ್ಕೆ ತಾಗಿಕೊಂಡೇ ಇದೆ. 1885ರ ಸೆಪ್ಟೆಂಬರ್ 12ರಂದು ಸ್ಕಾಟಿಷ್ ಕಪ್ ಪಂದ್ಯದಲ್ಲಿ ಆರ್ಬ್ರೋತ್ ತಂಡ ಬಾನ್ ಅಕಾರ್ಡ್ ತಂಡವನ್ನು 36–0 ಅಂತರದಿಂದ ಸೋಲಿಸಿತು. ಜಾಕಿ ಪೆಟ್ರಿ ಎಂಬ ಹುಡುಗ ಒಬ್ಬನೇ 13 ಗೋಲು ಹೊಡೆದ. ಒಂದೂವರೆ ಶತಮಾನ ಸಮೀಪಿಸುತ್ತಿದ್ದರೂ ಆ ಹುಡುಗನ ಹೆಸರು ಉಳಿದಿದೆ. ಏಕೆಂದರೆ ಯಾರೋ ಅದನ್ನು ಬರೆದಿಟ್ಟರು.

ನಮ್ಮ ರಾಜ್ಯದ ದೊಡ್ಡ ಗೆಲುವುಗಳೂ ಹಾಗೆಯೇ ಉಳಿದಿವೆ. 1891ರಲ್ಲಿ ಬೊಂಬಾಯಿಯಲ್ಲಿ ಶುರುವಾದ ರೋವರ್ಸ್ ಕಪ್ ದಶಕಗಳ ಕಾಲ ಬ್ರಿಟಿಷ್ ಸೇನಾ ತಂಡಗಳ ಸೊತ್ತಾಗಿತ್ತು. 1937ರಲ್ಲಿ ಅದನ್ನು ಗೆದ್ದ ಬೆಂಗಳೂರು ಮುಸ್ಲಿಮ್ಸ್, ಆ ಸಾಧನೆ ಮಾಡಿದ ಮೊದಲ ಭಾರತೀಯ ನಾಗರಿಕ ತಂಡವಾಯಿತು. ಮರುವರ್ಷವೂ ಗೆದ್ದಿತು; 1948ರಲ್ಲಿ ಮೋಹನ್ ಬಗಾನನ್ನು ಮಣಿಸಿ ಮತ್ತೊಮ್ಮೆ ಗೆದ್ದಿತು. ಕಪ್ಪಿನ ದಾಖಲೆ ಇದ್ದುದರಿಂದಲೇ ಈ ಕ್ಲಬ್ಬಿನ ಚರಿತ್ರೆಯನ್ನು ಇಂದು ಹೇಳಲು ಸಾಧ್ಯ.

ಬೆಂಗ್ರೆಗೂ ಇಂಥದೊಂದು ಚರಿತ್ರೆ ಸಲ್ಲಬೇಕು. ಮೊದಲ ತಂಡಗಳನ್ನು ಕಟ್ಟಿದವರು, ದೋಣಿಯಲ್ಲಿ ನದಿ ದಾಟಿ ಪಂದ್ಯಕ್ಕೆ ಹೋಗಿಬಂದ ಹಿರಿಯರು, ಕಡಲಿನ ದುಡಿಮೆಯಲ್ಲೇ ಒಂದಿಷ್ಟು ಉಳಿಸಿ ಜೆರ್ಸಿ ಕೊಂಡುಕೊಟ್ಟವರು, ಇವರೆಲ್ಲರ ಮಾತುಗಳನ್ನು ಈಗಲೇ ದಾಖಲಿಸಬೇಕು. ಮನೆಮನೆಯ ಗೋಡೆಯಲ್ಲಿರುವ ತಂಡದ ಫೋಟೊಗಳ ಹಿಂದೆ ಹೆಸರು, ಇಸವಿ ಬರೆಯಬೇಕು. ನಗರದ ಕಾಲೇಜುಗಳ ಇತಿಹಾಸ, ಪತ್ರಿಕೋದ್ಯಮ ವಿಭಾಗಗಳಿಗೆ ಇದು ಒಂದು ವರ್ಷದ ಒಳ್ಳೆಯ ಕೆಲಸ. ಅದರ ಜತೆಗೆ ಆ ಮಕ್ಕಳಿಗೆ ತಮ್ಮ ಊರಲ್ಲೇ ಒಂದು ಸುಸಜ್ಜಿತ ಮೈದಾನ ಸಿಗುವಂತೆ ನಗರವೂ ದನಿಗೂಡಿಸಬೇಕು. ಬರುವ ಆಗಸ್ಟಿನಲ್ಲಿ ನೆಹರೂ ಮೈದಾನಕ್ಕೆ ಹೋಗಿ ಆ ಹುಡುಗರ ಆಟಕ್ಕೆ ಚಪ್ಪಾಳೆ ತಟ್ಟುವುದರಿಂದ ನಾವು ಆರಂಭಿಸಬಹುದು.