ಷೇರು ಪೇಟೆ: ಬಿತ್ತನೆಯೋ, ಜೂಜೋ?

ಇಂಡಿಯ ಲಿಂಬೆಯಾಗಲಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ತೊಗರಿ, ಹತ್ತಿಗಳಾಗಲಿ ಪೇಟೆಗೆ ಬಂದಾಗ ಅವುಗಳ ದರವನ್ನು ಬೆಳೆದವನೊಬ್ಬನೇ ಗೊತ್ತುಪಡಿಸಲಾರ, ಕೊಳ್ಳುವವನೊಬ್ಬನೂ ಗೊತ್ತುಪಡಿಸಲಾರ. ಹಲವರು ಲಿಲಾವಿನಲ್ಲಿ ಪೈಪೋಟಿ ನಡೆಸಿದಾಗಲೇ ದರ ನಿಲ್ಲುವುದು. ಷೇರು ಪೇಟೆಯೂ ಇಂಥದೇ ಒಂದು ಪೇಟೆ. ಅಲ್ಲಿ ಮಾರಾಟವಾಗುವುದು ದವಸಧಾನ್ಯವಲ್ಲ, ಕಂಪನಿಗಳ ಒಡೆತನದ ಪಾಲು.

ಅದರ ಅಗತ್ಯವೇನು? ಕಾರ್ಖಾನೆಯೊಂದನ್ನು ಕಟ್ಟಲು ಬೇಕಾಗುವ ಬಂಡವಾಳವನ್ನು ಸಾವಿರಾರು ಜನರು ಷೇರು ಕೊಂಡು ಒದಗಿಸುತ್ತಾರೆ. ಆ ಹಣ ಗೋಡೆಯಾಗಿ, ಯಂತ್ರವಾಗಿ ನೆಲೆಗೊಳ್ಳುತ್ತದೆ. ಮಗಳ ಮದುವೆಗೆಂದು ಷೇರುದಾರನು ಅದನ್ನು ಮರಳಿ ಕೇಳಿದರೆ ಕಂಪನಿಯು ಯಂತ್ರವನ್ನು ಕಿತ್ತು ಕೊಡಲಾದೀತೆ? ಆದರೆ ಅವನು ತನ್ನ ಷೇರನ್ನು ಪೇಟೆಯಲ್ಲಿ ಬೇರೊಬ್ಬನಿಗೆ ಮಾರಬಹುದು. ಒಡೆಯ ಬದಲಾಗುತ್ತಾನೆ; ಕಾರ್ಖಾನೆ ನಡೆಯುತ್ತಲೇ ಇರುತ್ತದೆ. ಈ ಮರುಮಾರಾಟದಿಂದ ಕಂಪನಿಗೆ ಬಿಡಿಗಾಸೂ ಸೇರದು. ಆದರೂ ಬೇಕಾದಾಗ ಮಾರಬಹುದೆಂಬ ಭರವಸೆಯಿಂದಲೇ ಜನರು ಮೊದಲು ಹಣ ತೊಡಗಿಸಲು ಮುಂದೆ ಬರುತ್ತಾರೆ.

1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದ ಈ ಸೀಮೆಗೆ ಆ ನಗರದ ಷೇರು ಪೇಟೆಯ ಕಥೆ ತೀರ ಹೊರಗಿನದಲ್ಲ. ಅದರಲ್ಲಿಯೂ ಹತ್ತಿಯ ಎಳೆಯಿದೆ. 19ನೆಯ ಶತಮಾನದ ನಡುವಿನಲ್ಲಿ ಟೌನ್ ಹಾಲ್ ಎದುರಿನ ಆಲದ ಮರದಡಿ ಕೆಲವೇ ದಲಾಲರು ವ್ಯವಹರಿಸುತ್ತಿದ್ದರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡು, ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ದುರ್ಲಭವಾಯಿತು. ಭಾರತದ ಹತ್ತಿಗೆ ಚಿನ್ನದ ಬೆಲೆ ಬಂದಿತು. ಹಣದ ಹೊಳೆಯಲ್ಲಿ ಹೊಸ ಹೊಸ ಕಂಪನಿಗಳು ತಲೆಯೆತ್ತಿದವು. ಜನರು ಸಾಲ ಮಾಡಿಯೂ ಷೇರು ಕೊಂಡರು. 1865ರಲ್ಲಿ ಯುದ್ಧ ಮುಗಿಯಿತು. ಹತ್ತಿಯ ದರ ಕುಸಿಯಿತು. 2,850 ರೂಪಾಯಿ ಮುಟ್ಟಿದ್ದ ಬ್ಯಾಂಕ್ ಆಫ್ ಬಾಂಬೆಯ ಷೇರು 87 ರೂಪಾಯಿಗಿಳಿಯಿತು. ಎಷ್ಟೋ ಮನೆತನಗಳು ಬೀದಿಗೆ ಬಿದ್ದವು.

ಈ ಪೆಟ್ಟಿನ ಬಳಿಕ, 1875ರಲ್ಲಿ, ದಲಾಲರು ಸಂಘ ಕಟ್ಟಿಕೊಂಡರು. ಅದೇ ಇಂದಿನ ಮುಂಬಯಿ ಷೇರು ವಿನಿಮಯ ಕೇಂದ್ರ. ಬೆಂಗಳೂರಿನಲ್ಲಿ 1963ರಲ್ಲಿ ಆರಂಭವಾದ ಕೇಂದ್ರವು 2014ರಲ್ಲಿ ಮುಚ್ಚಿತು. ಕಂಪ್ಯೂಟರುಗಳ ಜಾಲ ಹಬ್ಬಿದ ಮೇಲೆ ಊರೂರಿಗೊಂದು ಪೇಟೆ ಬೇಡವಾಗಿತ್ತು. 1992ರಲ್ಲಿ ಕಾಯಿದೆಯ ಬಲ ಪಡೆದ ‘ಸೆಬಿ’ ಸಂಸ್ಥೆ ಈ ವ್ಯವಹಾರದ ಮೇಲೆ ಕಣ್ಣಿಟ್ಟಿದೆ. ಅದು ಮೋಸವನ್ನು ದಂಡಿಸಬಲ್ಲದು. ದುರಾಸೆಯಿಂದಾದ ನಷ್ಟವನ್ನು ತುಂಬಿಕೊಡಲಾರದು.

ಇಂದು ಇಂಡಿಯ ಗೃಹಸ್ಥನು ಮನೆಯಲ್ಲಿಯೇ ಕುಳಿತು ಮೊಬೈಲಿನಲ್ಲಿ ಷೇರು ಕೊಳ್ಳಬಹುದು. ದಾರಿ ಸುಲಭವಾದಷ್ಟೂ ಎಚ್ಚರ ಹೆಚ್ಚಬೇಕು. ಕಂಪನಿಯ ಲಾಭ, ಸಾಲ, ಆಡಳಿತಗಳನ್ನು ವಿಚಾರಿಸಿ, ವರ್ಷಗಟ್ಟಲೆ ಕಾಯಬಲ್ಲ ಉಳಿತಾಯದ ಒಂದಂಶವನ್ನು ತೊಡಗಿಸುವುದು ಬಿತ್ತನೆ. ನಾಳೆಯೇ ದರ ಏರೀತೆಂದು ಸಾಲ ತಂದು ಸುರಿಯುವುದು ಜೂಜು. ಬಿತ್ತಿದ್ದೆಲ್ಲ ಬೆಳೆಯದೆಂಬುದು ಬರಗಾಲಗಳನ್ನು ಕಂಡ ಈ ಸೀಮೆಗೆ ಹೊಸ ಮಾತಲ್ಲ. ಆದುದರಿಂದಲೇ ಇಲ್ಲಿನ ರೈತನು ಮನೆಯ ಕಾಳನ್ನೆಲ್ಲ ಒಂದೇ ಹೊಲಕ್ಕೆ ಚೆಲ್ಲುವುದಿಲ್ಲ.