ತಿರುವಿನಲ್ಲಿ ಮೋಟಾರು ಗಾಡಿ ಬಡಿಯುವುದೇಕೆ?

ನೇರವಾದ ದಾರಿಯಲ್ಲಿ ಸದ್ದಿಲ್ಲದೆ ಓಡುವ ಮೋಟಾರು ಗಾಡಿ ತಿರುವಿಗೆ ಬಂದೊಡನೆ ಕೆಳಗೆಲ್ಲಿಯೋ 'ಟಕ್ ಟಕ್' ಎಂದು ಬಡಿಯತೊಡಗುವುದು ಅನೇಕರ ಅನುಭವದಲ್ಲಿರುವ ಸಂಗತಿ. ತಿರುವು ಮುಗಿದೊಡನೆ ಸದ್ದು ನಿಲ್ಲುತ್ತದೆ. ಗಾಡಿಯೊಡೆಯನ ಚಿಂತೆಯೂ ಅದರೊಡನೆ ನಿಂತುಬಿಡುತ್ತದೆ. ಹೀಗೆ ಮರೆತುಬಿಡುವುದು ಒಂದು ತಪ್ಪು. ಗಾಬರಿಗೊಂಡು ಸಿಕ್ಕಿದ ಭಾಗಗಳನ್ನೆಲ್ಲ ಬದಲಾಯಿಸುವುದು ಇನ್ನೊಂದು ತಪ್ಪು. ಈ ಸದ್ದುಗಳಲ್ಲಿ ಕೆಲವು ನಿರಪಾಯವಾದುವು. ಕೆಲವು ಹಣಕ್ಕೆ ಕುತ್ತು. ಕೆಲವು ಪ್ರಾಣಕ್ಕೇ ಕುತ್ತು. ಇವುಗಳನ್ನು ಬೇರೆಬೇರೆಯಾಗಿ ಗುರುತಿಸುವ ಬಗೆಯೇ ಈ ಭಾಷಣದ ವಿಷಯ.

ಮೊದಲು, ತಿರುವಿನಲ್ಲಿ ಗಾಡಿಗೆ ಏನಾಗುತ್ತದೆಂಬುದನ್ನು ನೋಡೋಣ. ಉಡುಪಿಯ ರಥಬೀದಿಯಲ್ಲಿ ತೇರನ್ನು ಎಳೆಯುವುದನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುವುದು. ತೇರಿನ ಗಾಲಿಗಳು ಅಚ್ಚಿನೊಡನೆ ನೇರವಾಗಿಯೇ ನಿಂತಿರುತ್ತವೆ. ಮೂಲೆಗೆ ಬಂದಾಗ ಗಾಲಿಗೆ ಮರದ ತಡೆಗಳನ್ನು ಕೊಟ್ಟು, ಬಹು ಪ್ರಯಾಸದಿಂದ ಅದನ್ನು ತಿರುಗಿಸಬೇಕಾಗುತ್ತದೆ. ಮೋಟಾರಿನಲ್ಲಿಯಾದರೋ ಮುಂದಿನ ಗಾಲಿಗಳೆರಡೂ ತಮ್ಮತಮ್ಮ ಕೀಲುಗಳ ಮೇಲೆ ತಿರುಗುತ್ತವೆ. ಒಳಬದಿಯ ಗಾಲಿ ಸಣ್ಣ ವೃತ್ತದಲ್ಲಿಯೂ ಹೊರಬದಿಯದು ದೊಡ್ಡ ವೃತ್ತದಲ್ಲಿಯೂ ನಡೆಯಬೇಕಾದುದರಿಂದ, ಒಳಗಿನದು ಹೆಚ್ಚಾಗಿಯೂ ಹೊರಗಿನದು ಕಡಿಮೆಯಾಗಿಯೂ ಓರೆಯಾಗುತ್ತದೆ. ಗಾಡಿಯ ಭಾರವಾದರೋ ಹೊರಬದಿಯ ಗಾಲಿಗಳ ಮೇಲೆ ವಾಲುತ್ತದೆ. ನೇರ ದಾರಿಯಲ್ಲಿ ಸುಮ್ಮನಿದ್ದ ಕೀಲು, ಗುಂಡು, ರಬ್ಬರು, ಸ್ಪ್ರಿಂಗುಗಳೆಲ್ಲ ಆಗ ಒಮ್ಮೆಗೇ ಒತ್ತಡಕ್ಕೆ ಸಿಕ್ಕುತ್ತವೆ. ಸವೆದ ಭಾಗ ತಿರುವಿನಲ್ಲಿಯೇ ಮಾತನಾಡುವುದಕ್ಕೆ ಇದೇ ಕಾರಣ.

ಹಿಂದೆ ನಮ್ಮ ದೇಶದಲ್ಲಿ ಬಹುಕಾಲ ಓಡಿದ ಅಂಬಾಸಡರ್ ಗಾಡಿಯನ್ನು ಅದರ ಹಿಂಗಾಲಿಗಳು ತಳ್ಳುತ್ತಿದ್ದುವು; ಮುಂಗಾಲಿಗಳಿಗೆ ದಾರಿ ತೋರಿಸುವುದಷ್ಟೇ ಕೆಲಸ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಗಾಡಿಯಿಂದ ಮೊದಲುಗೊಂಡು, ಮುಂಗಾಲಿಗಳೇ ಎಳೆಯುವ ಗಾಡಿಗಳು ನಮ್ಮ ಮನೆಮನೆಗೂ ಬಂದುವು. ಇವುಗಳಲ್ಲಿ ಒಂದೇ ಗಾಲಿ ಓರೆಯಾಗಲೂ ಬೇಕು, ಯಂತ್ರದ ಬಲದಿಂದ ಉರುಳಲೂ ಬೇಕು. 17ನೆಯ ಶತಮಾನದ ರಾಬರ್ಟ್ ಹುಕ್‌ನ ಹೆಸರಿನಿಂದ ಪ್ರಸಿದ್ಧವಾದ ಕೀಲು ಇದಕ್ಕೆ ಸಾಲದು. ಅದನ್ನು ಓರೆಮಾಡಿದರೆ ಅದರ ತುದಿಯ ದಂಡ ಒಂದು ಸುತ್ತಿನಲ್ಲಿಯೇ ಎರಡು ಬಾರಿ ವೇಗವಾಗಿಯೂ ಎರಡು ಬಾರಿ ನಿಧಾನವಾಗಿಯೂ ತಿರುಗುತ್ತದೆ. ಈ ತೊಡಕನ್ನು ಕಳೆಯಲು 1920ರ ದಶಕದಲ್ಲಿ ಆಲ್ಫ್ರೆಡ್ ಝೆಪ್ಪ ಎಂಬ ಯಂತ್ರಶಿಲ್ಪಿ ಸಮವೇಗದ ಕೀಲೊಂದನ್ನು ರಚಿಸಿದನು. ಗ್ಯಾರೇಜಿನಲ್ಲಿ ಸಿ. ವಿ. ಜಾಯಿಂಟು ಎಂದು ಕರೆಯುವುದು ಇದನ್ನೇ. ಒಂದು ಬಟ್ಟಲು, ಅದರೊಳಗೆ ಬಾಗಿದ ಗಾಡಿಗಳು, ಆ ಗಾಡಿಗಳಲ್ಲಿ ಸಾಮಾನ್ಯವಾಗಿ ಆರು ಉಕ್ಕಿನ ಗುಂಡುಗಳು, ಸುತ್ತಲೂ ಗ್ರೀಸು, ಗ್ರೀಸನ್ನು ಕಾಯಲು ಮಡಿಕೆಮಡಿಕೆಯಾದ ಒಂದು ರಬ್ಬರಿನ ಚೀಲ: ಇಷ್ಟೇ ಅದರ ರಚನೆ. ಚೀಲಕ್ಕೆ 'ಬೂಟು' ಎಂದು ಹೆಸರು.

ಕೀಲಿನ ಆಯುಷ್ಯವೆಲ್ಲ ಆ ಚೀಲದಲ್ಲಿದೆ. ಚೀಲ ಹರಿದರೆ ಗ್ರೀಸು ಹೊರಕ್ಕೆ ಚಿಮ್ಮುತ್ತದೆ, ನೀರೂ ಮರಳೂ ಒಳಕ್ಕೆ ಸೇರುತ್ತವೆ. ಉದ್ಯಾವರದಂತಹ ಊರಿನಲ್ಲಿ ಇದು ಎಷ್ಟು ಬೇಗ ನಡೆಯಬಹುದೆಂಬುದನ್ನು ಊಹಿಸಿರಿ. ಒಂದೆಡೆ ಹೊಳೆ, ಒಂದೆಡೆ ಕಡಲು. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ. ಹೆದ್ದಾರಿಯಿಂದ ಪಿತ್ರೋಡಿಯ ಕಡೆಗೆ ಇಳಿದರೆ ಉಪ್ಪುಗಾಳಿ ಮತ್ತು ಮರಳು. ಮಳೆಗಾಲದಲ್ಲಿ ಚೀಲ ಹರಿದ ಗಾಡಿ ಕೆಲವೇ ವಾರಗಳಲ್ಲಿ ಬಡಿಯಲು ತೊಡಗಿದರೆ ಆಶ್ಚರ್ಯವಿಲ್ಲ. ಚೀಲ ಹರಿದ ಹೊಸದರಲ್ಲಿಯೇ ಕಂಡುಹಿಡಿದು, ಕೀಲನ್ನು ತೊಳೆದು, ಹೊಸ ಗ್ರೀಸು ತುಂಬಿ, ಹೊಸ ಚೀಲ ತೊಡಿಸಿದರೆ ಅಲ್ಪ ವೆಚ್ಚದಲ್ಲಿ ಕೆಲಸ ಮುಗಿಯುವುದು. ಸದ್ದು ಬಂದಮೇಲೆ ಗುಂಡಿನ ದಾರಿಯೇ ಸವೆದಿರುತ್ತದೆ. ಆಗ ಬರಿಯ ಗ್ರೀಸಿನಿಂದ ಪ್ರಯೋಜನವಿಲ್ಲ.

ಆದರೆ ತಿರುವಿನ ಬಡಿತವೆಲ್ಲ ಈ ಕೀಲಿನದೇ ಎಂದು ನಿಶ್ಚಯಿಸತಕ್ಕದ್ದಲ್ಲ. ಪರೀಕ್ಷೆಯನ್ನು ಕ್ರಮವಾಗಿ ನಡೆಸಬೇಕು. ಮೊದಲನೆಯದಾಗಿ, ಹಿಂದಿನ ಡಿಕ್ಕಿಯನ್ನು ಬರಿದುಮಾಡಿರಿ. ಸಡಿಲವಾದ ಜಾಕು, ಮೀಸಲು ಗಾಲಿ, ಉರುಳಾಡುವ ಎಣ್ಣೆಯ ಡಬ್ಬಿ ಇವು ಎಷ್ಟೋ ಮಂದಿಯನ್ನು ಸುಮ್ಮನೆ ಗ್ಯಾರೇಜಿಗೆ ಅಟ್ಟಿವೆ. ಎರಡನೆಯದಾಗಿ, ಗಾಲಿಯ ನಟ್ಟುಗಳನ್ನು ಪಾನದಿಂದ ಬಿಗಿದು ನೋಡಿರಿ. ಟಯರು ಬದಲಾಯಿಸಿದ ಮೇಲೆ ಹೊಸದಾಗಿ ಹುಟ್ಟಿದ ಬಡಿತದಲ್ಲಿ ಇದನ್ನೇ ಮೊದಲು ಸಂದೇಹಪಡಬೇಕು. ನಟ್ಟು ಸಡಿಲವಾದ ಗಾಲಿ ಓಟದಲ್ಲಿಯೇ ಕಳಚಿಹೋಗಬಹುದು.

ಮೂರನೆಯದು, ಸುತ್ತಿನ ಪರೀಕ್ಷೆ. ಜನಸಂಚಾರವಿಲ್ಲದ ಒಂದು ಬಯಲಿನಲ್ಲಿ ಸ್ಟಿಯರಿಂಗನ್ನು ಪೂರ್ತಿಯಾಗಿ ಒಂದು ಕಡೆಗೆ ತಿರುಗಿಸಿ, ನಡಿಗೆಯ ವೇಗದಲ್ಲಿ ಮೆಲ್ಲನೆ ಎಳೆತ ಕೊಡುತ್ತ ಸುತ್ತುಹಾಕಿರಿ. ಆಮೇಲೆ ಇನ್ನೊಂದು ಕಡೆಗೆ. ಗಾಲಿಯ ವೇಗದೊಡನೆ ಹೆಚ್ಚಿ, ವೇಗ ತಗ್ಗಿದರೆ ತಗ್ಗಿ, ಎಳೆತ ಬಿಟ್ಟೊಡನೆ ಮೆತ್ತಗಾಗುವ 'ಟಕ್ ಟಕ್' ಸದ್ದು ಸಮವೇಗದ ಕೀಲಿನ ಗುರುತು. ಬಹುಮಟ್ಟಿಗೆ ಭಾರ ಹೊತ್ತ ಹೊರಬದಿಯ ಕೀಲೇ ಕೂಗುವುದು. ಆದರೂ ಸದ್ದನ್ನೇ ನಂಬದೆ, ಎರಡು ಕಡೆಯ ಚೀಲಗಳನ್ನೂ ಕಣ್ಣಾರೆ ನೋಡತಕ್ಕದ್ದು. ಗಾಲಿಯ ಒಳಮುಖದಲ್ಲಿ ಚಿಮ್ಮಿದ ಗ್ರೀಸು ಎಲ್ಲಕ್ಕಿಂತ ನಂಬುಗೆಯ ಸಾಕ್ಷಿ.

ನಾಲ್ಕನೆಯದು, ನಿಂತ ಗಾಡಿಯ ಪರೀಕ್ಷೆ. ಯಂತ್ರವನ್ನು ನಡೆಸಿಟ್ಟು, ಗಾಡಿಯನ್ನು ಕದಲಿಸದೆ, ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ತಿರುಗಿಸಿರಿ. ಆಗಲೂ 'ಟಣ್' ಎಂದು ಒಂದೊಂದೇ ಪೆಟ್ಟು ಕೇಳಿದರೆ ದೋಷ ಉರುಳುವ ಕೀಲಿನಲ್ಲಿಲ್ಲ. ಶಾಕ್ ಅಬ್ಸಾರ್ಬರಿನ ನೆತ್ತಿಯಲ್ಲಿರುವ ಬೇರಿಂಗು ಬಿಗಿದುಕೊಂಡು, ಸ್ಪ್ರಿಂಗು ತಿರುಚಿ ನೆಗೆಯುತ್ತಿರಬಹುದು. ಇಲ್ಲವೆ ಸ್ಟಿಯರಿಂಗಿನ ಸರಳುಗಳ ತುದಿ ಸವೆದಿರಬಹುದು. ಒಬ್ಬರು ಸ್ಟಿಯರಿಂಗು ತಿರುಗಿಸುತ್ತಿರುವಾಗ ಇನ್ನೊಬ್ಬರು ಬಾನೆಟ್ಟಿನ ಕೆಳಗೆ ಆ ಸ್ಪ್ರಿಂಗಿನ ತಲೆಯ ಮೇಲೆ ಕೈಯಿಟ್ಟರೆ ಪೆಟ್ಟು ಕೈಗೇ ತಿಳಿಯುವುದು.

ಐದನೆಯದು, ತಿರುವಿನೊಡನೆ ಗುಂಡಿಯೂ ಸೇರಿದಾಗ ಮಾತ್ರ ಕೇಳುವ ಬಡಿತ. ಇದು ತೋಳುಗಳ ರಬ್ಬರು ಬುಷ್ಷು, ಸ್ಟೆಬಿಲೈಸರಿನ ಕೊಂಡಿ, ಅಥವಾ ಬಾಲ್ ಜಾಯಿಂಟು ಸವೆದುದರ ಲಕ್ಷಣ. ಇವುಗಳಲ್ಲಿ ಕಡೆಯದೇ ಘೋರವಾದುದು. ಗಾಲಿಯನ್ನು ಹಿಡಿದಿರುವ ಬಾಲ್ ಜಾಯಿಂಟು ಕಳಚಿತೆಂದರೆ ಗಾಲಿ ಅಡ್ಡಬಿದ್ದು, ಗಾಡಿ ಹಿಡಿತಕ್ಕೆ ಸಿಕ್ಕದೆ ಹೋಗುತ್ತದೆ. ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ಘಾಟಿಯ 14 ಸುತ್ತುಗಳಲ್ಲಿ ಒಂದರಲ್ಲಿ ಹೀಗಾದರೆ ಪರಿಣಾಮವೇನೆಂಬುದನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಇಂತಹ ಸದ್ದುಳ್ಳ ಗಾಡಿಯನ್ನು ಸಮತಟ್ಟಾದ ನೆಲದಲ್ಲಿ, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕಿನಿಂದೆತ್ತಿ, ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಪರೀಕ್ಷಿಸಬೇಕು. ಗಾಲಿಯ ಮೇಲ್ತುದಿ ಕೆಳತುದಿಗಳನ್ನು ಹಿಡಿದು ಅಲುಗಿಸಿದಾಗ ಆಡಿದರೆ ಬೇರಿಂಗು ಅಥವಾ ಬಾಲ್ ಜಾಯಿಂಟು. ಎಡಬಲಗಳನ್ನು ಹಿಡಿದು ಅಲುಗಿಸಿದಾಗ ಮಾತ್ರ ಆಡಿದರೆ ಸ್ಟಿಯರಿಂಗಿನ ಸರಳಿನ ತುದಿ. ಬರಿಯ ಜಾಕನ್ನು ನಂಬಿ ಗಾಡಿಯ ಕೆಳಗೆ ಎಂದಿಗೂ ತೂರಬಾರದು.

ಉಳಿದವನ್ನು ಸಂಕ್ಷೇಪವಾಗಿ ಹೇಳಬಹುದು. ಬಡಿತವಲ್ಲದೆ 'ಗುಂಯ್' ಎಂಬ ಮೊರೆತವಿದ್ದು, ಒಂದು ಕಡೆಗೆ ತಿರುಗಿದಾಗ ಹೆಚ್ಚಿ ಇನ್ನೊಂದು ಕಡೆಗೆ ಕಡಿಮೆಯಾದರೆ ಗಾಲಿಯ ಬೇರಿಂಗನ್ನು ನೋಡಿಸಿರಿ. ಬ್ರೇಕನ್ನು ಹಗುರವಾಗಿ ಒತ್ತಿದೊಡನೆ ನಿಲ್ಲುವ ಸದ್ದು ಸಡಿಲವಾದ ಬ್ರೇಕ್ ಪ್ಯಾಡಿನದು. ಜೀಪುಗಳಲ್ಲಿ ನಾಲ್ಕು ಗಾಲಿಯ ಎಳೆತವನ್ನು ಹಾಕಿಕೊಂಡು ಒಣಗಿದ ಡಾಂಬರು ರಸ್ತೆಯಲ್ಲಿ ತಿರುಗಿದರೆ ಗಾಡಿ ಬಿಗಿದುಕೊಂಡು ಬಡಿಯುವುದುಂಟು. ಆ ಎಳೆತವನ್ನು ತೆಗೆದರೆ ಸದ್ದು ತಾನೇ ಹೋಗುವುದು.

ಮೇಸ್ತ್ರಿಯ ಬಳಿಗೆ ಹೋದಾಗ "ಸದ್ದು ಬರುತ್ತದೆ" ಎಂದಷ್ಟೇ ಹೇಳಿದರೆ ಅವನೂ ಊಹೆಯಿಂದಲೇ ಕೆಲಸಮಾಡಬೇಕಾಗುತ್ತದೆ. ಊಹೆಯ ಬೆಲೆಯನ್ನು ಗಾಡಿಯೊಡೆಯನು ತೆರಬೇಕಾಗುತ್ತದೆ. ಯಾವ ಕಡೆಗೆ ತಿರುಗಿದಾಗ, ನಿಂತಾಗಲೋ ಓಡುವಾಗಲೋ, ಎಳೆತದಲ್ಲೋ ಬಿಟ್ಟಾಗಲೋ, ಗುಂಡಿಯಲ್ಲೋ ಸಮದಾರಿಯಲ್ಲೋ ಎಂಬ ನಾಲ್ಕು ಮಾತುಗಳನ್ನು ಹೇಳಿದರೆ ಅರ್ಧ ಕೆಲಸ ಆದಂತೆಯೇ. ಪ್ರತಿವರ್ಷವೂ ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ, ಆ ರಬ್ಬರಿನ ಚೀಲಗಳನ್ನು ಬಗ್ಗಿ ನೋಡುವುದು ಕರಾವಳಿಯ ಪ್ರತಿಯೊಬ್ಬ ಗಾಡಿಯೊಡೆಯನೂ ಇಟ್ಟುಕೊಳ್ಳಬೇಕಾದ ಪದ್ಧತಿ. ಗಾಲಿಯ ನಟ್ಟಿನ ಮೇಲೆ, ಬಾಲ್ ಜಾಯಿಂಟಿನ ಮೇಲೆ ಸಂದೇಹ ಬಂದಲ್ಲಿ ಮಾತ್ರ ನಾಳೆಗೆಂದು ಮುಂದೂಡದೆ, ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ ಮೇಸ್ತ್ರಿಯನ್ನು ಅಲ್ಲಿಗೇ ಕರೆಯಿಸುವುದು ಲೇಸು.