ಮರುಭೂಮಿಯ ನಗರದಲ್ಲಿ ಉದ್ಯಾನ

ಉದ್ಯಾನವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣ ಮುಂದೆ ನಿಲ್ಲುವುದು ಹಸಿರು ಹುಲ್ಲಿನ ಹಾಸು, ಅದರ ಅಂಚಿಗೆ ಹೂವಿನ ಪಾತಿ, ನಡುವೆ ಒಂದು ಕಾರಂಜಿ. ಬೆಂಗಳೂರಿನ ಲಾಲ್‌ಬಾಗನ್ನೋ ಕನ್ನಂಬಾಡಿಯ ಬೃಂದಾವನವನ್ನೋ ಕಂಡವರಿಗೆ ಈ ಚಿತ್ರ ಸಹಜವೇ ಸರಿ. ಆದರೆ ಬೆಂಗಳೂರಿನಲ್ಲಿ ವರ್ಷಕ್ಕೆ ೯೦ ಸೆಂಟಿಮೀಟರಿಗೂ ಮೀರಿ ಮಳೆಯಾಗುತ್ತದೆ ಎಂಬುದನ್ನು ನಾವು ಮರೆಯಬಾರದು. ವರ್ಷದ ಮಳೆಯೆಲ್ಲ ಕೂಡಿ ಸುಮಾರು ೧೮ ಸೆಂಟಿಮೀಟರು ಮಾತ್ರ ಬೀಳುವ, ಬೇಸಗೆಯಲ್ಲಿ ನೆರಳಿನಲ್ಲಿಟ್ಟ ಉಷ್ಣಮಾಪಕವೇ ೪೩ ಡಿಗ್ರಿ ಸೆಲ್ಸಿಯಸ್ಸನ್ನು ದಾಟುವ ಊರಿನಲ್ಲಿ ಉದ್ಯಾನ ಹೇಗಿರಬೇಕು? ಇದು ತೋಟಗಾರರ ಪ್ರಶ್ನೆಯಾಗಿರುವಷ್ಟೇ ಭೌತಶಾಸ್ತ್ರದ ಪ್ರಶ್ನೆಯೂ ಹೌದು.

ಅಮೆರಿಕಾ ಸಂಯುಕ್ತ ಸಂಸ್ಥಾನದ ಆರಿಜೋನಾ ರಾಜ್ಯದ ರಾಜಧಾನಿಯಾದ ಫೀನಿಕ್ಸ್ ಅಂಥದೊಂದು ಊರು. ಸೊನೋರಾ ಮರುಭೂಮಿಯಲ್ಲಿ ಹಬ್ಬಿಕೊಂಡಿರುವ ಈ ನಗರದಲ್ಲಿ ೨೦೨೦ರ ಜನಗಣತಿಯ ಪ್ರಕಾರ ೧೬ ಲಕ್ಷ ಜನರಿದ್ದರು. ಬಹು ಹಿಂದೆ ಹೊಹೊಕಾಮ್ ಎಂಬ ಜನರು ಸಾಲ್ಟ್ ನದಿಯಿಂದ ಕಾಲುವೆಗಳನ್ನು ತೋಡಿ ಇಲ್ಲಿ ಬೇಸಾಯ ಮಾಡಿದ್ದರು. ಹಾಳುಬಿದ್ದ ಆ ಕಾಲುವೆಗಳ ಜಾಡಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಹೊಸ ಊರು ಎದ್ದುದರಿಂದಲೇ, ಬೂದಿಯಿಂದ ಮರುಹುಟ್ಟು ಪಡೆಯುವ ಪುರಾಣದ ಹಕ್ಕಿಯ ಹೆಸರನ್ನು ಅದಕ್ಕೆ ಇಟ್ಟರು. ೨೦೨೩ರ ಜೂನ್ ೩೦ರಿಂದ ಜುಲೈ ೩೦ರವರೆಗೆ, ಎಡೆಬಿಡದೆ ೩೧ ದಿನ, ಅಲ್ಲಿನ ಗರಿಷ್ಠ ಉಷ್ಣತೆ ೪೩ ಡಿಗ್ರಿಗಿಂತ ಕೆಳಗಿಳಿಯಲಿಲ್ಲ. ಫೀನಿಕ್ಸ್ ಸೇರಿರುವ ಮ್ಯಾರಿಕೋಪಾ ಜಿಲ್ಲೆಯಲ್ಲಿ ಆ ವರ್ಷ ೬೪೫ ಮಂದಿಯ ಸಾವಿಗೆ ಬಿಸಿಲ ಬೇಗೆ ಕಾರಣವಾಯಿತೆಂದು ಲೆಕ್ಕ ಹಾಕಲಾಯಿತು. ಸತ್ತವರಲ್ಲಿ ಮನೆಯಿಲ್ಲದವರ ಪಾಲು ದೊಡ್ಡದಾಗಿತ್ತು. ಮನೆಯೂ ತಂಪುಗೊಳಿಸುವ ಯಂತ್ರವೂ ಇಲ್ಲದವನಿಗೆ ಉದ್ಯಾನದ ನೆರಳೇ ಆಸರೆ. ಆದುದರಿಂದ ಇಂಥ ಊರಿನಲ್ಲಿ ಉದ್ಯಾನವೆಂಬುದು ಅಲಂಕಾರವಲ್ಲ, ಪ್ರಾಣಕ್ಕೆ ಸಂಬಂಧಿಸಿದ ವಿಷಯ.

ಬೇಗೆ ಬರುವ ದಾರಿಗಳು

ನಮ್ಮ ಚರ್ಮದ ಉಷ್ಣತೆ ಸುಮಾರು ೩೫ ಡಿಗ್ರಿ. ಗಾಳಿ ಅದಕ್ಕಿಂತ ತಂಪಾಗಿರುವವರೆಗೆ ಬೀಸುವ ಗಾಳಿ ಮೈಯ ಶಾಖವನ್ನು ಕೊಂಡೊಯ್ಯುತ್ತದೆ. ಗಾಳಿಯೇ ೪೩ ಡಿಗ್ರಿಯಾದಾಗ ಶಾಖ ಹೊರಗಿನಿಂದ ಒಳಕ್ಕೆ ಹರಿಯತೊಡಗುತ್ತದೆ. ಆಗ ಬೆವರು ಆರುವುದೊಂದೇ ನಮಗುಳಿದ ರಕ್ಷಣೆ. ಮರುಭೂಮಿಯ ಗಾಳಿ ಒಣಗಿರುವುದರಿಂದ ಬೆವರು ಬೇಗ ಆರುತ್ತದೆ, ನಿಜ. ಆದರೆ ಅದು ಹೊರಬೇಕಾದ ಹೊರೆ ಎಷ್ಟೆಂಬುದನ್ನು ನೋಡಬೇಕು.

ನಡುಹಗಲಿನಲ್ಲಿ ಸೂರ್ಯನಿಗೆ ಎದುರಾದ ಒಂದು ಚದರ ಮೀಟರಿನ ಮೇಲೆ ಸುಮಾರು ೧,೦೦೦ ವಾಟ್‌ಗಳಷ್ಟು ಶಕ್ತಿ ಬೀಳುತ್ತದೆ. ಇದು ಮೊದಲನೆಯ ದಾರಿ. ಎರಡನೆಯದು ಕಣ್ಣಿಗೆ ಕಾಣದು. ಕಾದ ನೆಲವೂ ಗೋಡೆಯೂ ತಮ್ಮ ಶಾಖವನ್ನು ಅವಕೆಂಪು ಕಿರಣಗಳಾಗಿ ನಮ್ಮ ಕಡೆಗೆ ಚೆಲ್ಲುತ್ತಲೇ ಇರುತ್ತವೆ. ಈ ವಿಕಿರಣ ವಸ್ತುವಿನ ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುವುದೆಂಬ ನಿಯಮವನ್ನು ಕಾಲೇಜಿನಲ್ಲಿ ಓದಿದವರು ಬಲ್ಲರು. ಅದರಂತೆ ಲೆಕ್ಕ ಹಾಕಿದರೆ, ೩೫ ಡಿಗ್ರಿಯ ಹುಲ್ಲುಹಾಸು ಪ್ರತಿ ಚದರ ಮೀಟರಿಗೆ ಸುಮಾರು ೫೦೦ ವಾಟ್‌ಗಳನ್ನು ಹೊರಸೂಸಿದರೆ, ೬೫ ಡಿಗ್ರಿಗೆ ಕಾದ ಡಾಂಬರು ನೆಲ ೭೪೦ ವಾಟ್‌ಗಳನ್ನು ಹೊರಸೂಸುತ್ತದೆ. ಮಕ್ಕಳು ಆಡುವ ಜಾರುಬಂಡೆ, ರಬ್ಬರಿನ ನೆಲಹಾಸು ಮೊದಲಾದುವು ಬಿಸಿಲಿನಲ್ಲಿ ೭೦ ಡಿಗ್ರಿಯನ್ನೂ ಮೀರಬಲ್ಲವು. ಮುಟ್ಟಿದ ಮಗುವಿನ ಚರ್ಮ ಕ್ಷಣಮಾತ್ರದಲ್ಲಿ ಸುಡಲು ಅಷ್ಟು ಸಾಕು.

ಆದುದರಿಂದ ಬರಿಯ ಉಷ್ಣಮಾಪಕವನ್ನು ನೋಡಿ ಉದ್ಯಾನದ ಹಿತವನ್ನು ಅಳೆಯುವುದು ಸರಿಯಲ್ಲ. ಆರಿಜೋನಾ ರಾಜ್ಯ ವಿಶ್ವವಿದ್ಯಾನಿಲಯದ ಏರಿಯನ್ ಮಿಡೆಲ್ ಅವರು ಇದಕ್ಕಾಗಿಯೇ ‘ಮಾರ್ಟಿ’ ಎಂಬ ತಳ್ಳುಗಾಡಿಯೊಂದನ್ನು ಬಳಕೆಗೆ ತಂದರು. ಮೇಲೆ, ಕೆಳಗೆ, ನಾಲ್ಕು ಪಕ್ಕ, ಹೀಗೆ ಆರೂ ದಿಕ್ಕುಗಳಿಂದ ಬರುವ ವಿಕಿರಣವನ್ನು ಅದು ಅಳೆಯುತ್ತದೆ. ಮನುಷ್ಯನ ಮೈಗೆ ಎಲ್ಲ ಕಡೆಯಿಂದಲೂ ತಗಲುವ ಕಿರಣಗಳನ್ನು ಒಂದೇ ಉಷ್ಣತೆಯ ರೂಪದಲ್ಲಿ ಹೇಳಿದರೆ ಅದಕ್ಕೆ ಸರಾಸರಿ ವಿಕಿರಣ ಉಷ್ಣತೆ ಎನ್ನುತ್ತಾರೆ. ಮರದ ನೆರಳು ಮಧ್ಯಾಹ್ನದಲ್ಲಿ ಈ ಉಷ್ಣತೆಯನ್ನು ೩೦ ಡಿಗ್ರಿಗಿಂತಲೂ ಹೆಚ್ಚಾಗಿ ಇಳಿಸಬಲ್ಲುದೆಂದು ಅಲ್ಲಿನ ಅಳತೆಗಳಿಂದ ತಿಳಿದುಬಂದಿದೆ. ಅದೇ ಹೊತ್ತಿನಲ್ಲಿ ನೆರಳಿನ ಗಾಳಿಗೂ ಬಿಸಿಲಿನ ಗಾಳಿಗೂ ಇರುವ ವ್ಯತ್ಯಾಸ ಅದರ ಮುಂದೆ ಬಹು ಅಲ್ಪ. ನೆರಳಿನ ಗುಟ್ಟು ಗಾಳಿಯನ್ನು ತಂಪಾಗಿಸುವುದರಲ್ಲಿಲ್ಲ, ಕಿರಣಗಳನ್ನು ತಡೆಯುವುದರಲ್ಲಿದೆ.

ಹುಲ್ಲಿನ ಲೆಕ್ಕ

ಗುಪ್ತೋಷ್ಣದ ಪಾಠ ಹೇಳುವಾಗ ನಾನು ತರಗತಿಯಲ್ಲಿ ಮಣ್ಣಿನ ಹೂಜಿಯ ಉದಾಹರಣೆಯನ್ನು ಕೊಡುವುದುಂಟು. ಹೂಜಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೀರಿಕೊಳ್ಳುತ್ತದೆ. ಒಂದು ಲೀಟರ್ ನೀರು ಆವಿಯಾಗಬೇಕಾದರೆ ಸುಮಾರು ೨೪ ಲಕ್ಷ ಜೂಲ್ ಶಾಖ ಬೇಕು. ಸಾವಿರ ವಾಟಿನ ವಿದ್ಯುತ್ ಒಲೆಯೊಂದು ೪೦ ನಿಮಿಷ ಉರಿದು ಕೊಡುವ ಶಾಖ ಅದು. ಹುಲ್ಲುಹಾಸು ತಂಪಾಗಿರುವುದು ಇದೇ ಕಾರಣದಿಂದ: ಅದು ನೆಲಕ್ಕೆ ಹಾಸಿದ ಹೂಜಿ.

ಆದರೆ ಈ ಹೂಜಿಗೆ ತುಂಬುವ ನೀರೆಷ್ಟು? ಫೀನಿಕ್ಸಿನ ವಾಯವ್ಯಕ್ಕಿರುವ ಮತ್ತೊಂದು ಮರುಭೂಮಿಯ ನಗರ ಲಾಸ್ ವೇಗಸ್ ಇದರ ಲೆಕ್ಕವನ್ನು ಬಲು ಎಚ್ಚರದಿಂದ ಇಟ್ಟಿದೆ. ಅಲ್ಲಿ ಒಂದು ಚದರ ಮೀಟರ್ ಹುಲ್ಲಿಗೆ ವರ್ಷಕ್ಕೆ ಸುಮಾರು ೩,೦೦೦ ಲೀಟರ್ ನೀರು ಬೇಕು. ಎಂದರೆ ಮೂರು ಮೀಟರ್ ಎತ್ತರ ನಿಲ್ಲುವಷ್ಟು ನೀರು. ಆ ಊರಿನ ಮಳೆಯೋ ವರ್ಷಕ್ಕೆ ೧೦ ಸೆಂಟಿಮೀಟರು! ಮನೆಯೊಳಗೆ ಬಳಸಿದ ನೀರನ್ನು ಆ ನಗರ ಬಹುಮಟ್ಟಿಗೆ ಪೂರ್ತಿಯಾಗಿ ಶುದ್ಧಿಗೊಳಿಸಿ ಮೀಡ್ ಸರೋವರಕ್ಕೆ ಹಿಂದಿರುಗಿಸುತ್ತದೆ. ಹುಲ್ಲಿಗೆ ಹಾಯಿಸಿದ ನೀರು ಆವಿಯಾಗಿ ಹೋದರೆ ಮತ್ತೆ ಬಾರದು. ಈ ಕಾರಣದಿಂದ ಅಲ್ಲಿನ ಜಲಪ್ರಾಧಿಕಾರ ೧೯೯೯ರಿಂದ, ಹುಲ್ಲು ಕಿತ್ತು ಮರುಭೂಮಿಯ ಗಿಡಗಳನ್ನು ನೆಟ್ಟವರಿಗೆ ಹಣ ಕೊಡತೊಡಗಿತು. ೨೦೨೧ರಲ್ಲಿ ನೆವಾಡಾ ರಾಜ್ಯದ ಶಾಸನಸಭೆ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ರಸ್ತೆಗಳ ನಡುವೆಯೂ ಕಚೇರಿಗಳ ಮುಂದೆಯೂ ಕೇವಲ ನೋಟಕ್ಕಾಗಿ ಬೆಳೆಸಿದ ಹುಲ್ಲಿಗೆ ೨೦೨೬ರ ಕೊನೆಯ ನಂತರ ಕೊಲರಾಡೊ ನದಿಯ ನೀರನ್ನು ಹಾಯಿಸಕೂಡದೆಂದು ಶಾಸನ ಮಾಡಿತು. ಮಕ್ಕಳು ಓಡಾಡುವ ಉದ್ಯಾನ, ಶಾಲೆಗಳ ಹುಲ್ಲಿಗೆ ಈ ನಿಷೇಧವಿಲ್ಲ. ಶಾಸನದ ಹಿಂದಿರುವ ವಿವೇಕವನ್ನು ಗಮನಿಸಬೇಕು. ಅದು ಹುಲ್ಲನ್ನು ದ್ವೇಷಿಸುವುದಿಲ್ಲ. ಈ ಹುಲ್ಲಿನ ಮೇಲೆ ಯಾರಾದರೂ ಕಾಲಿಡುತ್ತಾರೆಯೆ ಎಂದು ಕೇಳುತ್ತದೆ.

ಅಲ್ಲಿನ ಉದ್ಯಾನಗಳಲ್ಲಿ ಬೇಸಗೆಯ ಮುಖ್ಯ ಹುಲ್ಲು ಬರ್ಮುಡಾ ಹುಲ್ಲು. ಹೆಸರು ಕೇಳಿ ಬೆರಗಾಗಬೇಕಾಗಿಲ್ಲ. ಅದು ನಾವು ಗಣೇಶನಿಗೆ ಏರಿಸುವ ಗರಿಕೆಯೇ. ಚಳಿಗಾಲದಲ್ಲಿ ಅದು ಕಂದಿ ಮಲಗುತ್ತದೆ. ಆಗಲೂ ಹಸಿರು ಕಾಣಲೆಂದು ಅದರ ಮೇಲೆ ಬೇರೊಂದು ಜಾತಿಯ ಹುಲ್ಲನ್ನು ಬಿತ್ತಿ ಮತ್ತೆ ನೀರು ಕಟ್ಟುವ ವಾಡಿಕೆಯಿದೆ. ಆಟದ ಬಯಲನ್ನುಳಿದು ಮಿಕ್ಕ ಕಡೆ ಈ ಬಿತ್ತನೆಯನ್ನು ಬಿಟ್ಟರೆ ನಷ್ಟವಾಗುವುದು ಬಣ್ಣ ಮಾತ್ರ.

ಮರದ ಲೆಕ್ಕ

ಮರವೂ ನೀರು ಕುಡಿಯುತ್ತದೆಯಲ್ಲವೆ ಎಂದು ವಾಚಕರು ಕೇಳಬಹುದು. ಹೌದು. ಆದರೆ ಹುಲ್ಲಿನ ಮೇಲೆ ನಿಂತವನ ಕಾಲು ತಂಪು, ತಲೆಗೆ ಬಿಸಿಲು ತಪ್ಪಿದ್ದಲ್ಲ. ಮರ ತನ್ನ ಎಲೆಗಳನ್ನು ನಮ್ಮ ತಲೆಯ ಮೇಲಕ್ಕೆ ಎತ್ತಿ ಹಿಡಿಯುವುದರಿಂದ, ನೇರ ಬಿಸಿಲನ್ನೂ ತಡೆಯುತ್ತದೆ, ನೆಲ ಕಾಯುವುದನ್ನೂ ತಪ್ಪಿಸುತ್ತದೆ. ಮೇಲೆ ಹೇಳಿದ ಎರಡು ದಾರಿಗಳೂ ಒಮ್ಮೆಗೇ ಮುಚ್ಚಿದಂತಾಗುತ್ತವೆ. ಅದೇ ನಾಡಿನ ಮರಗಳಾದರೆ ಮಿತವ್ಯಯದಲ್ಲಿ ಇನ್ನೂ ನಿಪುಣ. ಪಾಲೋ ವರ್ಡಿ ಎಂಬ ಮರ ಬರದಲ್ಲಿ ಎಲೆಯುದುರಿಸಿ, ತನ್ನ ಹಸಿರು ತೊಗಟೆಯಿಂದಲೇ ಆಹಾರವನ್ನು ತಯಾರಿಸಿಕೊಳ್ಳುತ್ತದೆ. ನಮ್ಮ ಬನ್ನಿಮರದ ಬಂಧುವಾದ ಮೆಸ್ಕೀಟ್ ಮರಕ್ಕೆ ಬನ್ನಿಯಂತೆಯೇ ಸಣ್ಣ ಸಣ್ಣ ಎಲೆಗಳು. ಎಲೆ ಕಿರಿದಾದಷ್ಟೂ ಅದಕ್ಕೆ ಅಂಟಿಕೊಂಡಿರುವ ನಿಶ್ಚಲವಾದ ಗಾಳಿಯ ಪೊರೆ ತೆಳುವಾಗಿ, ಶಾಖ ಸುಲಭವಾಗಿ ಗಾಳಿಗೆ ಹೋಗುತ್ತದೆ. ತಂಪಾಗಿರಲು ಅದು ಹೆಚ್ಚು ನೀರನ್ನು ವ್ಯಯಮಾಡಬೇಕಾಗಿಲ್ಲ.

ಮರ ನೆಟ್ಟರೆ ಸಾಲದು. ಅದರ ನೆರಳು ಎಲ್ಲಿ, ಯಾವಾಗ ಬೀಳುವುದೆಂಬುದನ್ನು ಮೊದಲೇ ಎಣಿಸಬೇಕು. ಬೇಗೆ ತುದಿಗೇರುವುದು ಮಧ್ಯಾಹ್ನ ಮೂರು ನಾಲ್ಕು ಗಂಟೆಯ ಹೊತ್ತಿಗೆ. ಆಗ ಸೂರ್ಯ ಪಶ್ಚಿಮದಲ್ಲಿರುತ್ತಾನೆ. ಬೆಂಚಿನ ಪೂರ್ವಕ್ಕೆ ನೆಟ್ಟ ಮರ ಬೆಳಗಿನಲ್ಲಿ ನೆರಳು ಕೊಟ್ಟು, ಬೇಕಾದಾಗ ಕೈಬಿಡುತ್ತದೆ. ಬೆಂಚಿನ ಪಶ್ಚಿಮಕ್ಕೆ ನೆಡುವುದೇ ಲೇಸು. ಇನ್ನೊಂದು ವಿಷಯವಿದೆ. ರಾತ್ರಿಯ ನಿರ್ಮಲಾಕಾಶಕ್ಕೆ ನೆಲ ತನ್ನ ಶಾಖವನ್ನು ಚೆಲ್ಲಿ ತಣ್ಣಗಾಗುವುದನ್ನು ಮರದ ಚಪ್ಪರ ತಡೆಯುತ್ತದೆ. ಆದುದರಿಂದ ಸೂರ್ಯಾಸ್ತದ ನಂತರ ಮರದಡಿ ಬಯಲಿಗಿಂತ ತುಸು ಬೆಚ್ಚಗಿರುತ್ತದೆ. ಹಗಲು ನಡೆಯುವ ದಾರಿಗೆ, ಮಕ್ಕಳ ಆಟದ ಜಾಗಕ್ಕೆ, ಬಸ್ಸಿಗೆ ಕಾಯುವ ಮೂಲೆಗೆ ನೆರಳು. ಸಂಜೆ ಜನ ಸೇರುವ ಬಯಲಿಗೆ ತೆರೆದ ಆಕಾಶ. ಹೀಗೆ ಹಂಚುವುದು ಜಾಣತನ.

ನೆಟ್ಟದ್ದನ್ನು ಉಳಿಸುವುದು

ಉದ್ಯಾನಗಳ ಸುಧಾರಣೆಯಲ್ಲಿ ಸಸಿ ನೆಡುವುದು ಸುಲಭದ ಭಾಗ. ಫೀನಿಕ್ಸ್ ನಗರ ೨೦೨೪ರಲ್ಲಿ ಒಪ್ಪಿದ ನೆರಳಿನ ಯೋಜನೆಯಲ್ಲಿ ಐದು ವರ್ಷಗಳೊಳಗೆ ೨೭,೦೦೦ ಮರಗಳನ್ನೂ ೫೫೦ ನೆರಳಿನ ಚಪ್ಪರಗಳನ್ನೂ ಸೇರಿಸಬೇಕೆಂದು ಸಂಕಲ್ಪಿಸಿತು. ಎಳೆಯ ಸಸಿ ನೆರಳು ಕೊಡುವಷ್ಟಾಗಲು ವರ್ಷಗಳೇ ಬೇಕಾದುದರಿಂದ ಚಪ್ಪರಗಳು ಕೂಡಿಯೇ ಇರಬೇಕಾದುವು. ಆದರೆ ಸಸಿಯನ್ನು ಮರವಾಗಿಸುವುದು ನೀರು ಕಟ್ಟುವವನ ಕೈಯಲ್ಲಿದೆ. ದಿನದಿನವೂ ಮೇಲುಮೇಲೆ ನೀರು ಚಿಮುಕಿಸಿದರೆ ಬೇರು ಮೇಲಿನ ಪದರದಲ್ಲಿಯೇ ಉಳಿದು, ಬೇಸಗೆಯ ಬಿರುಗಾಳಿಗೆ ಮರ ಬುಡಮೇಲಾಗುತ್ತದೆ. ಅಪರೂಪಕ್ಕೊಮ್ಮೆ, ಆದರೆ ಆಳಕ್ಕೆ ಇಳಿಯುವಂತೆ ನೀರು ಕೊಟ್ಟರೆ ಬೇರು ನೀರನ್ನು ಹಿಂಬಾಲಿಸಿ ಕೆಳಗಿಳಿಯುತ್ತದೆ. ಹನಿ ನೀರಾವರಿಯ ಕೊಳವೆಯನ್ನು ಸಸಿಯ ಬುಡದಲ್ಲಿ ಇಟ್ಟಲ್ಲೇ ಬಿಡದೆ, ಹರವು ಹೆಚ್ಚಿದಂತೆ ಹೊರಕ್ಕೆ ಸರಿಸಬೇಕು. ನೀರು ಹೀರುವ ಎಳೆಬೇರುಗಳು ಬುಡದಿಂದ ದೂರದಲ್ಲಿರುತ್ತವೆ. ಆ ಮಣ್ಣಿನಲ್ಲಿ ಸುಣ್ಣ ಕಟ್ಟಿ ಕಲ್ಲಿನಂತಾದ ಪದರವೊಂದು ಹಲವೆಡೆ ಅಡ್ಡವಿರುತ್ತದೆ. ಗುಂಡಿ ತೋಡುವಾಗ ಅದನ್ನು ಒಡೆಯದಿದ್ದರೆ ಮರ ಕುಂಡದಲ್ಲಿಟ್ಟ ಗಿಡದಂತಾಗುತ್ತದೆ.

ಹುಲ್ಲನ್ನು ತೆಗೆಯುವಾಗಲೂ ಎಚ್ಚರ ಬೇಕು. ಲಾಸ್ ವೇಗಸಿನಲ್ಲಿ ಹುಲ್ಲಿಗೆ ಹಾಯಿಸಿದ ನೀರನ್ನೇ ಹಂಚಿಕೊಂಡು ಬೆಳೆದಿದ್ದ ಮರಗಳು, ಹುಲ್ಲಿನೊಡನೆ ನೀರೂ ನಿಂತುಹೋದಾಗ ಒಣಗಿದ ಸಂದರ್ಭಗಳುಂಟು. ನೀರುಳಿಸಲು ಹೋಗಿ ನೆರಳನ್ನು ಕಳೆದುಕೊಂಡಂತಾಯಿತು. ಮೊದಲು ಮರಕ್ಕೆ ಪ್ರತ್ಯೇಕ ಕೊಳವೆ, ಆಮೇಲೆ ಹುಲ್ಲಿಗೆ ಗುದ್ದಲಿ, ಇದು ಸರಿಯಾದ ಕ್ರಮ.

ಕೆಲವು ಕಡೆ ನೆರಳು ಸಾಧ್ಯವೇ ಇಲ್ಲ. ಫೀನಿಕ್ಸ್ ನಗರದ ನಡುವೆಯೇ ಇರುವ ಕ್ಯಾಮಲ್‌ಬ್ಯಾಕ್ ಬೆಟ್ಟದ ಬೋಳು ಬಂಡೆಗಳ ದಾರಿ ಅಂಥದು. ಅಲ್ಲಿ ದಣಿದು ಬಿದ್ದವರನ್ನು ಹೊತ್ತು ತರಲು ಹೋದ ಅಗ್ನಿಶಾಮಕ ದಳದವರೂ ಬೇಗೆಗೆ ಸಿಕ್ಕಿದ ಮೇಲೆ, ೨೦೨೧ರಿಂದ, ಅತಿಯಾದ ಬೇಗೆಯ ಎಚ್ಚರಿಕೆಯಿರುವ ದಿನಗಳಲ್ಲಿ ಬಿಸಿಲು ಇಳಿಯುವವರೆಗೆ ಆ ದಾರಿಯನ್ನು ಮುಚ್ಚುವ ಪದ್ಧತಿ ಬಂದಿತು. ಬಾಗಿಲು ಮುಚ್ಚುವುದೂ ಉದ್ಯಾನ ನಿರ್ವಹಣೆಯ ಒಂದು ಅಂಗವೇ.

ನಮ್ಮ ದೇಶದ ಮರುಭೂಮಿಯಲ್ಲಿ

ನಮ್ಮ ದೇಶದಲ್ಲಿಯೂ ಮರುಭೂಮಿಯ ನಗರಗಳಿವೆ. ಅವುಗಳಲ್ಲಿ ಒಂದಾದ ಜೋಧಪುರದಲ್ಲಿ ಈ ಸಮಸ್ಯೆಗೆ ಬೇರೊಂದು ಉತ್ತರ ದೊರೆತಿದೆ. ಮೆಹರಾನ್‌ಗಢ ಕೋಟೆಯ ಬದಿಯಲ್ಲಿ ಜ್ವಾಲಾಮುಖಿಯ ಕಲ್ಲುಗಳಿಂದಾದ ಸುಮಾರು ೭೦ ಹೆಕ್ಟೇರ್ ನೆಲವನ್ನು, ನಾವು ಬಳ್ಳಾರಿ ಜಾಲಿ ಎಂದು ಕರೆಯುವ ಅಮೆರಿಕಾ ಮೂಲದ ಮುಳ್ಳುಗಿಡ ಮುತ್ತಿಕೊಂಡಿತ್ತು. ೨೦೦೬ರಲ್ಲಿ ಪ್ರದೀಪ್ ಕೃಷನ್ ಅವರ ಮಾರ್ಗದರ್ಶನದಲ್ಲಿ ಅದನ್ನು ಬಿಡಿಸುವ ಕೆಲಸ ಆರಂಭವಾಯಿತು. ಮೇಲೆ ಕಡಿದರೆ ಮತ್ತೆ ಚಿಗುರುವ ಈ ಗಿಡದ ಬೇರುಗಳು ಬಂಡೆಯ ಬಿರುಕುಗಳಲ್ಲಿ ಇಳಿದಿದ್ದುವು. ಕಲ್ಲು ಕಡಿಯುವುದನ್ನೇ ಕುಲಕಸುಬಾಗಿ ಉಳ್ಳ ಖಂಡವಾಲಿಯಾ ಜನರು ಸುತ್ತಿಗೆಯಿಂದ ಬಂಡೆಯನ್ನು ತಟ್ಟಿ, ಹೊರಡುವ ನಾದದಿಂದಲೇ ಒಳಗಿನ ಬಿರುಕನ್ನು ಗುರುತಿಸಿ, ಉಳಿಯಿಂದ ಕಡಿದು ಬೇರನ್ನು ಹೊರತೆಗೆದರು. ಹೀಗೆ ಆದ ಗುಂಡಿಗಳಲ್ಲಿಯೇ ಥಾರ್ ಮರುಭೂಮಿಯ ಕಲ್ಲುನೆಲಕ್ಕೆ ಒಗ್ಗಿದ ಗಿಡಗಳನ್ನು ನೆಟ್ಟರು. ೨೦೧೧ರಲ್ಲಿ ರಾವ್ ಜೋಧಾ ಮರುಭೂಮಿ ಶಿಲಾ ಉದ್ಯಾನವೆಂಬ ಹೆಸರಿನಿಂದ ಅದು ಜನರಿಗೆ ತೆರೆಯಿತು. ಅಲ್ಲಿ ಹುಲ್ಲುಹಾಸಿಲ್ಲ. ಬೇಸಗೆಯಲ್ಲಿ ಅದು ಬೂದುಬಣ್ಣಕ್ಕೆ ತಿರುಗಿ, ಮಳೆ ಬಂದೊಡನೆ ಹಸಿರಾಗುತ್ತದೆ. ಮರುಭೂಮಿಯ ಸಹಜ ಚೆಲುವು ಅದೇ ಎಂದು ನೋಡುವವರು ಒಪ್ಪಿಕೊಳ್ಳಬೇಕು.

ಎಲ್ಲ ಉದ್ಯಾನಗಳೂ ಜೋಧಪುರದ್ದರಂತಿರಬೇಕೆಂದು ಇದರ ಅರ್ಥವಲ್ಲ. ಮಕ್ಕಳಿಗೆ ಉರುಳಾಡಲು ಒಂದು ತುಂಡು ಗರಿಕೆಯೂ ಬೇಕು, ಮುದುಕರಿಗೆ ಮರದಡಿಯ ಬೆಂಚೂ ಬೇಕು. ನೀರು ಮಿತವಾಗಿರುವಲ್ಲಿ ಪ್ರತಿಯೊಂದು ಲೀಟರಿಗೂ ಲೆಕ್ಕ ಕೇಳಬೇಕು: ಇದು ಯಾರ ಬೇಗೆಯನ್ನು ಇಳಿಸಿತು? ಮರುಭೂಮಿಯ ಊರಿನ ಉದ್ಯಾನವನ್ನು ಪರೀಕ್ಷಿಸಬಯಸುವವರು ಚಳಿಗಾಲದ ಮುಂಜಾನೆಯಲ್ಲಿ ಹೋಗಬಾರದು. ಜೂನ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಹೋಗಿ, ಜನರು ಎಲ್ಲಿ ಕುಳಿತಿದ್ದಾರೆಂದು ನೋಡಬೇಕು. ಹುಲ್ಲು ಎಷ್ಟೇ ಹಸಿರಾಗಿದ್ದರೂ ಅದರ ಮೇಲೆ ಒಬ್ಬರೂ ಇರುವುದಿಲ್ಲ. ಎಲ್ಲೋ ಒಂದು ಮೆಸ್ಕೀಟ್ ಮರದಡಿ, ಪಶ್ಚಿಮದ ಬಿಸಿಲು ತಾಗದ ಬೆಂಚಿನ ಮೇಲೆ ನಾಲ್ವರು ಒತ್ತಿಕೊಂಡು ಕುಳಿತಿರುತ್ತಾರೆ. ಮುಂದಿನ ಮರವನ್ನು ನೆಡಬೇಕಾದ ಸ್ಥಳವನ್ನು ಅವರೇ ತೋರಿಸಿಕೊಡುತ್ತಾರೆ.